ಲೆಕ್ಕ ಬರೆಯುವವರು ಯಾರು? ಬಿಳಿಗಿರಿಯ ಸೋಲಿಗರಿಂದ ನಮಗೊಂದು ಪಾಠ



ಈ ಸಲದ ಪಾಠದಲ್ಲಿ ಕೊಳೆರೋಗವಿಲ್ಲ, ಕಾಂಡಕೊರಕವಿಲ್ಲ, ಬೋರ್ಡೋ ದ್ರಾವಣದ ಅಳತೆಯೂ ಇಲ್ಲ. ಕಾಡಿನಲ್ಲಿ ಬಾಳುವ ಒಂದು ಜನ ತಮ್ಮ ಆರೋಗ್ಯ, ತಮ್ಮ ನೆಲ, ತಮ್ಮ ಆಡಳಿತ ಈ ಮೂರರ ವಿಷಯದಲ್ಲಿ ವಿಜ್ಞಾನಿಗಳ ಜೊತೆ ತಾವೂ ಕೂತು ಅಧ್ಯಯನ ಮಾಡಿದ ಸಂಗತಿ ಇದೆ. ಅಡಿಕೆ, ಕಾಫಿಯವರ ಪತ್ರಿಕೆಗೆ ಇದೇಕೆ ಎಂದು ಕೇಳುವ ಸದಸ್ಯರಿದ್ದಾರೆ. ಅವರಿಗೆ ಉತ್ತರವನ್ನು ದೂರದಿಂದ ತರಬೇಕಾಗಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಮಾಚೇನಹಳ್ಳಿಯ ಹಾಲಿನ ಡೇರಿಯ ಎದುರು ಐದು ನಿಮಿಷ ನಿಂತರೆ ಸಾಕು.

ಆ ಡೇರಿಗೆ ಬರುವ ಹಾಲು ಮೊದಲು ಊರಿನ ಸಂಘದಲ್ಲಿ ಅಳತೆಯಾಗಿ, ಕೊಬ್ಬಿನ ಅಂಶದ ಪರೀಕ್ಷೆಯಾಗಿ, ಲೆಕ್ಕದಲ್ಲಿ ಬರೆಯಲ್ಪಟ್ಟು ಬಂದದ್ದು. ಸಂಘಗಳು ಹುಟ್ಟುವ ಮೊದಲು ಹಾಲು ಕೊಳ್ಳುವವನು 'ನೀರಾಗಿದೆ' ಎಂದರೆ ನೀರಾಗಿದ್ದ ಹಾಗೆಯೇ. ಎಮ್ಮೆ ಕಟ್ಟಿದವಳ ಮಾತಿಗೆ ತೂಕವಿರಲಿಲ್ಲ. ಎಮ್ಮೆಯ ವಿಷಯ ಆಕೆಗೆ ಗೊತ್ತಿರಲಿಲ್ಲ ಎಂದಲ್ಲ, ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆದರೆ ಅಂಕಿ ಬರೆಯುವ ಪೆನ್ಸಿಲು ಇನ್ನೊಬ್ಬನ ಕೈಯಲ್ಲಿತ್ತು. ಕೈಗೆ ಚೀಟಿ ಬಂದ ಮೇಲೆ ಮಾತಿನ ದಾಟಿಯೇ ಬೇರೆಯಾಯಿತು. ಕಾಡಿನ ವಿಷಯದಲ್ಲೂ ಇದೇ ನ್ಯಾಯ ನಡೆಯುತ್ತದೆ ಎಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ನಮ್ಮ ತೋಟಕ್ಕೆ ಇಬ್ಬರು ಬಂದು ನಾಲ್ಕು ಮೂಲೆಯಲ್ಲಿ ಗುಂಡಿ ತೋಡಿ ಮಣ್ಣು ತೆಗೆದುಕೊಂಡು ಹೋದರು. ಎಲೆ ಯಾವಾಗ ಹಳದಿಯಾಯಿತು, ನೀರು ಎಲ್ಲಿ ನಿಲ್ಲುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡರು. ಮನೆಯಲ್ಲಿ ಊಟವೂ ಆಯಿತು. ಫಲಿತಾಂಶ ಮಾತ್ರ ಇಂದಿನವರೆಗೂ ಬಂದಿಲ್ಲ. ಆ ಮಣ್ಣಿನಿಂದ ಯಾರಿಗೋ ಒಂದು ಪ್ರಬಂಧವಾಗಿರಬೇಕು. ನಮಗೆ ನಾಲ್ಕು ಗುಂಡಿ ಮುಚ್ಚುವ ಕೆಲಸವಾಯಿತು. ಇಂಥ ಅನುಭವ ನಿಮ್ಮಲ್ಲಿ ಹಲವರಿಗೆ ಇದ್ದೀತು. ಕಾಡಿನ ಜನಕ್ಕೆ ಇದು ಮಣ್ಣಿನಲ್ಲಿ ಅಲ್ಲ, ಮೈಯ ರಕ್ತದಲ್ಲೇ ಆಗಬಹುದಾದದ್ದು.

ಬೆಟ್ಟ ಮತ್ತು ಜನ

ಚಾಮರಾಜನಗರ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಒಂದಕ್ಕೊಂದು ಕೈ ಚಾಚುವ ಜಾಗದಲ್ಲಿ ಬಿಳಿಗಿರಿರಂಗನ ಬೆಟ್ಟಗಳಿವೆ. ಅಲ್ಲಿನ ಮೂಲ ನಿವಾಸಿಗಳು ಸೋಲಿಗರು. ಅವರ ಹಾಡಿಗೆ ಪೋಡು ಎಂದು ಹೆಸರು. ಹಿಂದೆ ಅವರು ಕಾಡಿನ ಒಂದು ತುಂಡನ್ನು ಸವರಿ, ರಾಗಿಯ ಜೊತೆ ಹತ್ತಾರು ಬಗೆಯ ಕಾಳು, ಸೊಪ್ಪು ಬೆಳೆದು, ಕೆಲವು ವರ್ಷದ ಮೇಲೆ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆ. ಆ ಎಲ್ಲೆಯೊಳಗೆ ದೇವರ ಜಾಗ, ಮಾರಿಯ ಜಾಗ, ವೀರರ ಕಲ್ಲು, ನೀರಿನ ಅಬ್ಬಿ, ಹಿರಿಯರ ಸಮಾಧಿ. ಬೆಟ್ಟದ ದೊಡ್ಡ ಸಂಪಿಗೆ ಮರ ಅವರಿಗೆ ದೇವರೇ. ನಮ್ಮ ಮಲೆನಾಡಿನ ದೇವರಕಾಡು, ನಾಗರಬನ, ಭೂತನ ಬನ ಕಂಡವರಿಗೆ ಇದು ಹೊಸದಲ್ಲ.

1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಬೇಟೆ ನಿಂತಿತು, ಸವರು ಬೇಸಾಯ ನಿಂತಿತು, ಕಾಡಿಗೆ ಸಣ್ಣ ಬೆಂಕಿ ಇಡುವ ಪದ್ಧತಿಯೂ ನಿಂತಿತು. ಸೋಲಿಗರು ಒಂದೊಂದು ಕಡೆ ಪೋಡು ಕಟ್ಟಿಕೊಂಡು ನೆಲೆಯಾದರು. ಬದುಕಿಗೆ ಉಳಿದದ್ದು ಚೂರು ಜಮೀನು, ಕೂಲಿ ಮತ್ತು ಕಾಡಿನ ಕಿರು ಉತ್ಪನ್ನ: ಜೇನು, ನೆಲ್ಲಿ, ಸೀಗೆ, ಅಂಟುವಾಳ, ಮರದ ಪಾಚಿ. ಇವುಗಳ ಮಾರಾಟ ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳ ಮೂಲಕ. ಅಂದರೆ ಅವರೂ ನಮ್ಮ ಹಾಗೆಯೇ ಸಹಕಾರಿಗಳು. ವ್ಯತ್ಯಾಸವೆಂದರೆ ನಮ್ಮ ಅಡಿಕೆ ನಮ್ಮ ಪಹಣಿಯ ಜಮೀನಿನಲ್ಲಿ ಬೆಳೆಯುತ್ತದೆ. ಅವರ ನೆಲ್ಲಿಕಾಯಿಯ ಮರ ಯಾರದು ಎಂಬುದೇ ತೀರ್ಮಾನವಾಗಿರಲಿಲ್ಲ.

ಮೊದಲು ಆರೋಗ್ಯದ ಸಂಗತಿ

ಡಾ. ಹೆಚ್. ಸುದರ್ಶನ್ ಎಂಬ ವೈದ್ಯರು ಈ ಬೆಟ್ಟಕ್ಕೆ ಬಂದು ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ್ದು ನಮ್ಮಲ್ಲಿ ಹಲವರಿಗೆ ಗೊತ್ತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಬರೆದವು. ಪಾಠಕ್ಕೆ ಬೇಕಾದದ್ದು ಪ್ರಶಸ್ತಿಯಲ್ಲ, ಅಲ್ಲಿ ಕೆಲಸ ಮಾಡಿದ ವೈದ್ಯರು ಎದುರಿಸಿದ ಒಂದು ಕಾಯಿಲೆ.

ನಮ್ಮ ರಕ್ತದ ಕೆಂಪು ಕಣ ದುಂಡಗೆ, ನಡುವೆ ಕುಳಿಯಿರುವ ಬಿಲ್ಲೆಯ ಹಾಗಿರುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಬಂದ ದೋಷದಿಂದಾಗಿ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು, ಕಾಲುವೆಗೆ ಕಸ ಕಟ್ಟಿದ ಹಾಗೆ ಮುಂದಿನ ದಾರಿ ಮುಚ್ಚುತ್ತದೆ. ಆಗ ಮೂಳೆ, ಕೀಲು, ಹೊಟ್ಟೆಯಲ್ಲಿ ತಡೆಯಲಾರದ ನೋವು. ಚಳಿ, ಜ್ವರ, ನೀರಡಿಕೆ, ವಿಪರೀತ ದುಡಿಮೆ ಇವು ನೋವನ್ನು ಎಬ್ಬಿಸುತ್ತವೆ. ಇದು ಕುಡುಗೋಲು ಕಣ ರಕ್ತಹೀನತೆ. ಭಾರತದಲ್ಲಿ ಇದು ಇದೆ ಎಂದು ಮೊದಲು ಗೊತ್ತಾದದ್ದು 1952ರಲ್ಲಿ, ನೀಲಗಿರಿಯ ಬೆಟ್ಟದ ಜನರಲ್ಲಿ. ನೀಲಗಿರಿಗೆ ಅಷ್ಟೇನೂ ದೂರವಲ್ಲದ ಬಿಳಿಗಿರಿಯ ಸೋಲಿಗರಲ್ಲೂ ಇದನ್ನು ಗಿರಿಜನ ಕೇಂದ್ರದ ವೈದ್ಯರು ಗುರುತಿಸಿದರು.

ಕೂಲಿ ಆಳುಗಳನ್ನು ಇಟ್ಟುಕೊಂಡ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಫಿ ತೋಟಕ್ಕೆ ದುಡಿಯಲು ಬಂದ ಹುಡುಗ ಜನವರಿಯ ಚಳಿಯಲ್ಲಿ ಎರಡು ದಿನ ಕೆಲಸ ಮಾಡಿ ಮೂರನೆಯ ದಿನ ಕಾಲು ನೋವೆಂದು ಮಲಗಿದರೆ ಮೇಸ್ತ್ರಿ ಕೊಡುವ ಹೆಸರು 'ಮೈಗಳ್ಳ'. ರಕ್ತ ಪರೀಕ್ಷೆ ಇನ್ನೊಂದು ಹೆಸರು ಕೊಡಬಹುದು. ಕಾಡಿನ ಮೂಲದ ಆಳುಗಳಲ್ಲಿ ಯಾರಿಗಾದರೂ ಹೀಗೆ ಪದೇ ಪದೇ ನೋವು, ಕಣ್ಣು ಹಳದಿ, ರಕ್ತ ಕಡಿಮೆ ಎಂಬ ಲಕ್ಷಣವಿದ್ದರೆ ಪರೀಕ್ಷೆಗೆ ಕಳುಹಿಸುವುದು ಯಜಮಾನನ ಕರ್ತವ್ಯ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಈ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯಿಂದ ಅನೇಕರ ನೋವು ಕಡಿಮೆಯಾಗುತ್ತದೆ.

ಆದರೆ ಕಾಯಿಲೆಯನ್ನು ಗುರುತಿಸಿದರೆ ಕೆಲಸ ಮುಗಿಯಲಿಲ್ಲ. ದೋಷದ ಒಂದೇ ಪಾಲು ಪಡೆದವನಿಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ಮಲೇರಿಯಾದ ವಿರುದ್ಧ ಅವನಿಗೆ ಸ್ವಲ್ಪ ರಕ್ಷಣೆ ಕೂಡ ಉಂಟು. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ. ಅಂದಮೇಲೆ ವಿಷಯ ಆಸ್ಪತ್ರೆಯಿಂದ ಮದುವೆ ಮಾತುಕತೆಯ ಜಗಲಿಗೆ ಬಂತು. 'ನಿನ್ನ ರಕ್ತ ಸರಿಯಿಲ್ಲ' ಎಂದು ಹೊರಗಿನವರು ಹೇಳಿದರೆ ಒಬ್ಬ ಹುಡುಗಿಯ ಬಾಳು ಹಾಳಾದೀತು. ಕುಲ ನೋಡಿ ಸಂಬಂಧ ಬೆಳೆಸುವ ಜನ, ರಕ್ತದ ಚೀಟಿಯನ್ನೂ ನೋಡಬೇಕೆ, ನೋಡಿದರೆ ಯಾರು ನೋಡಬೇಕು, ಗುಟ್ಟು ಯಾರು ಕಾಯಬೇಕು? ಇವಕ್ಕೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ. ಇಂಥ ಕಡೆ ಅಧ್ಯಯನ ಜನರೊಡನೆ ಕೂತು ಆಗಬೇಕಾಗುತ್ತದೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಇತ್ತೀಚಿನ ವರ್ಷಗಳಲ್ಲಿ ಇದೇ ಬೆಟ್ಟದಲ್ಲಿ ನೆಲೆ ಮಾಡಿಕೊಂಡು ಗಿರಿಜನರ ಆರೋಗ್ಯದ ಅಧ್ಯಯನ ನಡೆಸಿರುವುದೂ ಈ ಜಾಡಿನಲ್ಲೇ.

ನೆಲ್ಲಿ, ಬಂದಳಿಕೆ, ಲಂಟಾನ

ಈಗ ನೆಲದ ಮಾತು. ನಮಗೆ ಹೆಚ್ಚು ಹತ್ತಿರವಾದದ್ದು ಇದೇ. ಆದ್ದರಿಂದ ಸ್ವಲ್ಪ ಉದ್ದವಾದರೆ ಸಹಿಸಬೇಕು.

1990ರ ದಶಕದಲ್ಲಿ ಒಂದು ಪ್ರಶ್ನೆ ಎದ್ದಿತು: ಸೋಲಿಗರು ನೆಲ್ಲಿಕಾಯಿ ಕೊಯ್ಯುವುದರಿಂದ ನೆಲ್ಲಿ ಮರ ಕಾಡಿನಲ್ಲಿ ಕಡಿಮೆಯಾಗುತ್ತಿದೆಯೆ? ಕಾಯಿಯೆಲ್ಲ ಮಾರುಕಟ್ಟೆಗೆ ಹೋದರೆ ಬೀಜ ಬಿದ್ದು ಸಸಿ ಹುಟ್ಟುವುದೆಲ್ಲಿ ಎಂಬುದು ನ್ಯಾಯವಾದ ಅನುಮಾನವೇ. ಏಟ್ರೀ ಎಂಬ ಹೆಸರಿನಿಂದ ಪರಿಚಿತವಾದ ಬೆಂಗಳೂರಿನ ಸಂಶೋಧನ ಸಂಸ್ಥೆ 1996ರಲ್ಲಿ ಸ್ಥಾಪನೆಯಾಯಿತು. ಅದರ ವಿಜ್ಞಾನಿಗಳೂ ಗಿರಿಜನ ಕೇಂದ್ರದವರೂ ಸೋಲಿಗರೂ ಸೇರಿ ಈ ಲೆಕ್ಕಕ್ಕೆ ಕೈಹಾಕಿದರು. ವಿಧಾನ ಸರಳ. ಕೊಯ್ಲಿಗೆ ಮೊದಲು ಕಾಡಿನಲ್ಲಿ ನಡೆದು ಯಾವ ಕಡೆ ಎಷ್ಟು ಕಾಯಿ ಹಿಡಿದಿದೆ ಎಂದು ಅಂದಾಜು ಮಾಡುವುದು. ಕೊಯ್ಲಿನಲ್ಲಿ ಎಷ್ಟು ತೂಕ ಬಂತು ಎಂದು ಬರೆಯುವುದು. ಸಸಿಗಳನ್ನೂ, ಕಡಿದ ಕೊಂಬೆಗಳನ್ನೂ, ಬಂದಳಿಕೆ ಹತ್ತಿದ ಮರಗಳನ್ನೂ ಎಣಿಸುವುದು. ಸುಗ್ಗಿ ಮುಗಿದ ಮೇಲೆ ಪೋಡಿನಲ್ಲಿ ಸಭೆ ಕೂಡಿ ಲೆಕ್ಕವನ್ನು ಕೊಯ್ದವರ ಮುಂದೆಯೇ ಇಡುವುದು. ನಮ್ಮ ಮನೆಯ ನಾಲ್ಕು ಗುಂಡಿ ನೆನಪಿರಲಿ. ಇಲ್ಲಿ ಫಲಿತಾಂಶ ತಿರುಗಿ ಬಂತು.

ತಿರುಗಿ ಬಂದಾಗಲೇ ಮಾತು ಬೆಳೆಯಿತು. ನೆಲ್ಲಿ ಮರಕ್ಕೆ ದೊಡ್ಡ ಶತ್ರು ಕೊಯ್ಲಿಗಿಂತ ಬಂದಳಿಕೆ ಎಂದರು ಸೋಲಿಗರು. ಬಂದಳಿಕೆ ಹತ್ತಿದ ಕೊಂಬೆಯನ್ನು ಕಡಿದು ತೆಗೆಯುವುದು ಅವರ ಮದ್ದು. ಮಾವು, ಸಪೋಟ ಬೆಳೆದ ಯಾರನ್ನಾದರೂ ಕೇಳಿ, ಇದೇ ಮದ್ದು ಹೇಳುತ್ತಾರೆ. ಬಂದಳಿಕೆ ಹೆಚ್ಚಾದದ್ದೇಕೆ ಎಂದು ಕೇಳಿದಾಗ ಬಂದ ಉತ್ತರ ವಿಜ್ಞಾನಿಗಳನ್ನು ಕುಳಿತಲ್ಲೇ ಕೂರಿಸಿತು: ಹಿಂದೆ ನಾವು ತರಗುಬೆಂಕಿ ಹಾಕುತ್ತಿದ್ದೆವು, ಈಗ ಅದು ನಿಂತಿದೆ, ಬಂದಳಿಕೆಯೂ ಬಂತು, ಲಂಟಾನವೂ ಬಂತು.

ತರಗುಬೆಂಕಿ ಎಂದರೆ ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಇಡುವ ತೆಳು ಬೆಂಕಿ. ಅದು ಮೊಣಕಾಲೆತ್ತರ ಎದ್ದು ಓಡಿ ಆರಿಹೋಗುತ್ತದೆ. ದೊಡ್ಡ ಮರಕ್ಕೆ ತಾಗುವುದಿಲ್ಲ. ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಎದೆಯೆತ್ತರಕ್ಕೆ ಬೆಳೆದು, ಈಗ ಬೆಂಕಿ ಬಿದ್ದರೆ ಮರದ ತಲೆಯವರೆಗೂ ಏರುತ್ತದೆ ಎಂಬುದು ಅವರ ವಾದ.

ಇದು ಮುದುಕರ ಹಳೆ ಕಾಲದ ಹಂಬಲವೋ, ಕಣ್ಣಾರೆ ಕಂಡ ಸತ್ಯವೋ? ಲಂಟಾನದ ಮಟ್ಟಿಗೆ ಅಂಕಿ ಇದೆ. 1997ರಲ್ಲಿ ಕಾಡಿನ ತುಂಬ ಗುರುತು ಮಾಡಿ ಗಿಡ ಎಣಿಸಿದ್ದ ಜಾಗಗಳಲ್ಲೇ 2008ರಲ್ಲಿ ಮತ್ತೆ ಎಣಿಸಲಾಯಿತು. ಮೊದಲ ಸಲ ನೂರಕ್ಕೆ 41 ಜಾಗಗಳಲ್ಲಿ ಲಂಟಾನವಿತ್ತು. ಎರಡನೆಯ ಸಲ 81ರಲ್ಲಿ. ಮೊದಲು ಎಣಿಸಿದ 20 ಕಾಂಡಗಳಲ್ಲಿ ಒಂದು ಲಂಟಾನದ್ದು. 11 ವರ್ಷದ ಮೇಲೆ ಹೆಚ್ಚು ಕಡಿಮೆ ಪ್ರತಿ ಮೂರರಲ್ಲಿ ಒಂದು. ಸೋಲಿಗರು ಕಂಡದ್ದು ಸುಳ್ಳಲ್ಲ. ಬೆಂಕಿ ನಿಂತದ್ದೇ ಅದಕ್ಕೆ ಕಾರಣವೇ ಎಂಬುದು ಮಾತ್ರ ಇನ್ನೂ ಚರ್ಚೆಯ ವಿಷಯ. ಬಂದಳಿಕೆಯ ವಿಷಯದಲ್ಲೂ ಸೋಲಿಗರ ತಿಳಿವಳಿಕೆಯನ್ನು ವಿಜ್ಞಾನದ ಒರೆಗೆ ಹಚ್ಚಿ ನೋಡಿದ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ನಾನು ಮೆಚ್ಚುವುದು ಈ ಒರೆಗೆ ಹಚ್ಚುವ ಕ್ರಮವನ್ನೇ. ಹಿರಿಯರು ಹೇಳಿದ್ದೆಲ್ಲ ಸರಿ ಎಂದು ಕೈಮುಗಿಯುವುದೂ ಅಲ್ಲ, ಓದಿಲ್ಲದವನ ಮಾತು ಎಂದು ತಳ್ಳುವುದೂ ಅಲ್ಲ.

(ಇದನ್ನೋದಿ ಯಾರೂ ಬೆಟ್ಟಕ್ಕೆ ಬೆಂಕಿ ಇಡಹೋಗಬೇಡಿ. ಸೋಲಿಗರ ಕಾಡು ಬೇರೆ, ನಮ್ಮ ಕಾನು ಬೇರೆ. ಕಾನಿಗೆ ಬೆಂಕಿ ಬಿದ್ದರೆ ಸಸಿ ಸತ್ತು ಹೊಳೆ ಬತ್ತುತ್ತದೆ. ಕಾನೂನಿನ ಮಾತು ಹಾಗಿರಲಿ.)

ಹಕ್ಕುಪತ್ರ ಬಂದ ಬಗೆ

2006ರಲ್ಲಿ ಎರಡು ಸಂಗತಿ ನಡೆದವು, ಒಂದಕ್ಕೊಂದು ಎದುರು ಮುಖದವು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ ಬಿಳಿಗಿರಿಯಲ್ಲಿ ಮಾರಾಟಕ್ಕಾಗಿ ಕಿರು ಉತ್ಪನ್ನ ತೆಗೆಯುವುದು ನಿಂತಿತು. ನೆಲ್ಲಿ, ಜೇನು ನಂಬಿದ್ದ ಮನೆಗಳ ಕೈಕಾಸು ಹೋಯಿತು. ಅನೇಕರು ಕೂಲಿಗಾಗಿ ಕಾಫಿ ತೋಟಗಳ ದಾರಿ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿತು. ಇದರಲ್ಲಿ ಸಾಗುವಳಿ ನೆಲದ ಹಕ್ಕಷ್ಟೇ ಅಲ್ಲ, ಊರಿಗೆ ಊರೇ ತನ್ನ ರೂಢಿಯ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಸಮುದಾಯ ಹಕ್ಕೂ ಇದೆ. ಅರ್ಜಿಯನ್ನು ಮೊದಲು ನೋಡುವುದು ಕಚೇರಿಯಲ್ಲ, ಗ್ರಾಮಸಭೆ.

ಸಮುದಾಯ ಹಕ್ಕು ಕೇಳಬೇಕಾದರೆ 'ಇದು ನಮ್ಮ ಕಾಡು' ಎಂದು ಬಾಯಲ್ಲಿ ಹೇಳಿದರೆ ಸಾಲದು. ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಬೇಕು. ಇಲ್ಲಿ ಸೋಲಿಗರ ಕುಲಗಳ ಎಲ್ಲೆ ಕೆಲಸಕ್ಕೆ ಬಂತು. ಹಿರಿಯರು ಮುಂದೆ, ಉಪಗ್ರಹದಿಂದ ಜಾಗ ಗುರುತಿಸುವ ಯಂತ್ರ ಹಿಡಿದ ಹುಡುಗರು ಹಿಂದೆ, ಹೀಗೆ ಕಾಡು ಸುತ್ತಿ ದೇವರ ಜಾಗ, ಅಬ್ಬಿ, ವೀರಗಲ್ಲು, ಸಮಾಧಿ ಎಂದು ನೂರಾರು ನೆಲೆಗಳನ್ನು ನಕ್ಷೆಗೆ ಏರಿಸಿದರು. ಈ ಕೆಲಸದಲ್ಲಿ ದುಡಿದವರಲ್ಲಿ ಸೋಲಿಗರೊಳಗಿಂದಲೇ ಬಂದು ಡಾಕ್ಟರೇಟ್ ಪಡೆದ ಸಿ. ಮಾದೇಗೌಡರೂ ಒಬ್ಬರು. ಹಾಡಿನಲ್ಲೂ ಪೂಜೆಯಲ್ಲೂ ಇದ್ದ ಗಡಿ ಕಾಗದಕ್ಕೆ ಬಂತು.

2011ರ ಜನವರಿಯ ಹೊತ್ತಿಗೆ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಇನ್ನು ಸೋಲಿಗರನ್ನು ಎಬ್ಬಿಸುವುದೇ ಸರಿ ಎಂದು ಹಲವರು ಅಂದುಕೊಂಡರು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಅದು ಮೊದಲು. ಕಾಗದ ಸಿಕ್ಕ ಮಾತ್ರಕ್ಕೆ ತಕರಾರು ಮುಗಿಯಲಿಲ್ಲ. ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಯ ಮಾತು ಎಷ್ಟು, ಇಲಾಖೆಯ ಮಾತು ಎಷ್ಟು ಎಂಬ ಎಳೆದಾಟ ಆಮೇಲೂ ನಡೆಯಿತು. ಆದರೆ ಈಗ ಅದು ಕೈಯಲ್ಲಿ ಚೀಟಿ ಇದ್ದವನ ಎಳೆದಾಟ.

ಕಾಫಿಯವರಿಗೆ ಒಂದು ಸುದ್ದಿ: ಸೋಲಿಗರು ತಮ್ಮ ಚೂರು ಜಮೀನುಗಳಲ್ಲಿ ಕಾಡುಮರಗಳ ನೆರಳಿನಲ್ಲಿ, ರಾಸಾಯನಿಕವಿಲ್ಲದೆ ಕಾಫಿ ಬೆಳೆಯುತ್ತಾರೆ. ಸಿಕ್ಕಿದ ಬೆಲೆಗೆ ದಲ್ಲಾಳಿಗೆ ಕೊಡುತ್ತಿದ್ದ ಬೆಳೆಗೆ ಏಟ್ರೀಯ ಒತ್ತಾಸೆಯಿಂದ 'ಅಡವಿ' ಎಂಬ ಸ್ವಂತ ಹೆಸರು ಬಂತು. ಸಂಸ್ಕರಣೆ ಸರಿಯಿದ್ದರೆ ಹೆಸರಿಗೆ ಬೆಲೆ ಬರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ಅಂಗಳ

ಇಷ್ಟೆಲ್ಲ ಓದಿ, 'ಸರಿ, ಅವರು ಗಿರಿಜನ, ನಾವು ತೋಟಗಾರರು' ಎನ್ನುವವರಿಗೆ ಒಂದು ಕಾಡಿನ ಹೆಸರು ನೆನಪಿಸುತ್ತೇನೆ. ಸೊರಬ ತಾಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಹೊಸ ವೈರಸ್ ಗುರುತಿಸಿದರು. ಲೋಕದ ವೈದ್ಯ ಗ್ರಂಥಗಳಲ್ಲಿ ನಮ್ಮ ಜಿಲ್ಲೆಯ ಒಂದು ಊರಿನ ಹೆಸರು ಉಳಿದದ್ದು ಹೀಗೆ, ಬೇಡದ ಕೀರ್ತಿ. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಹರಡುವುದು ಮಂಗದಿಂದ ನೇರವಾಗಿ ಅಲ್ಲ, ಉಣುಗಿನಿಂದ. ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ.

ಅಲ್ಲಿ ದುಡಿದ ವಿಜ್ಞಾನಿಗಳಲ್ಲಿ ಕೊಲಂಬಿಯಾ ದೇಶದ ಬೋಶೆಲ್ ಎಂಬವರಿದ್ದರು. ಕಾಯಿಲೆಯ ಬೇರು ವೈರಸ್ಸಿನಲ್ಲಿ ಮಾತ್ರವಲ್ಲ, ನೆಲದ ಬಳಕೆಯಲ್ಲಿದೆ ಎಂದು ಅವರು 1969ರಲ್ಲೇ ಬರೆದರು. ಕಾಡು ಸವರಿ ಗದ್ದೆ ಬೆಳೆದ ಹಾಗೆ ದನ ಹೆಚ್ಚುತ್ತದೆ, ದನ ಕಾಡಂಚಿನಲ್ಲಿ ಮೇಯುತ್ತದೆ, ದೊಡ್ಡ ಉಣುಗಿಗೆ ದನದ ರಕ್ತವೇ ಆಹಾರ, ಉಣುಗಿನ ಸಂತತಿ ಏರುತ್ತದೆ ಎಂಬುದು ಅವರ ತರ್ಕ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ ಗೇರು ಬೆಳೆಸಲು ಕಾಡು ಕಡಿದ ಬೆನ್ನಿಗೇ ಕಾಯಿಲೆ ಭುಗಿಲೆದ್ದಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಇಲ್ಲಿನ ಇಲಾಖೆಗಳ, ಜನರ ಜೊತೆ ಸಭೆ ಕೂಡಿ ಮಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಕಾಡು ಮತ್ತು ತೋಟ ಒಂದರೊಳಗೊಂದು ಬೆರೆತು, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ಅದು ಹೇಳುತ್ತದೆ. ಅಂದರೆ ನಮ್ಮ ಮನೆಯ ಹಿತ್ತಿಲು.

ಈ ಕಾಯಿಲೆ ಹೆಚ್ಚಾಗಿ ತಾಗುವುದು ದರಕು ಗುಡಿಸುವವರಿಗೆ, ಸೊಪ್ಪು ಕಡಿಯುವವರಿಗೆ, ಸೌದೆಗೆ ಹೋಗುವವರಿಗೆ, ದನ ಮೇಯಿಸುವವರಿಗೆ. ತೋಟಕ್ಕೆ ಸೊಪ್ಪು ದರಕು ಬೇಕಾದದ್ದು ನಮಗೆ. ಬೆಟ್ಟಕ್ಕೆ ಹೋಗುವುದು ಬಹುಪಾಲು ಹಸಲರು ಮತ್ತಿತರ ಕೂಲಿಯವರು. ಈ ಮಾತನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನವೆಂಬರಿನಿಂದ ಮೇ ತಿಂಗಳವರೆಗೆ ಆಳನ್ನು ಬೆಟ್ಟಕ್ಕೆ ಕಳಿಸುವವರು ಮೈಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ, ಮರಳಿ ಬಂದ ಮೇಲೆ ಬಿಸಿನೀರಿನ ಸ್ನಾನ ಇವುಗಳ ವ್ಯವಸ್ಥೆ ಮಾಡತಕ್ಕದ್ದು. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಅಂಗಡಿ ಮಾತ್ರೆಯಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ, ಬೆಟ್ಟಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಬೇಕು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬಂದು ಮೆದುಳಿಗೆ ತಾಗುವುದುಂಟು.

ಮಂಗ ಸತ್ತದ್ದನ್ನು ಮೊದಲು ಕಾಣುವವರೂ ಇವರೇ. ಕಂಡ ದಿನವೇ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಊರಿಗೆ ಎಚ್ಚರಿಕೆ ಸಿಗುತ್ತದೆ. ಹೆಣವನ್ನು ಮಾತ್ರ ಮುಟ್ಟಬಾರದು. ಸೋಲಿಗರ ನೆಲ್ಲಿ ಲೆಕ್ಕದ ಹಾಗೆ ನಮಗೂ ಒಂದು ಬೆಟ್ಟದ ಪುಸ್ತಕ ಬೇಕು ಎಂದು ನನಗೆ ತೋರುವುದು ಇಲ್ಲಿಯೇ. ಇನ್ನೂರು ಪುಟದ ಒಂದು ನೋಟ್ ಬುಕ್ಕು ಸಾಕು. ದಿನಾಂಕ, ಜಾಗದ ರೂಢಿಯ ಹೆಸರು, ಕಂಡದ್ದು, ಕಂಡವರು. ಎಷ್ಟು ಹೊರೆ ಸೊಪ್ಪು ಬಂತು, ಯಾವ ಮರದ್ದು, ಸಸಿ ಇದೆಯೆ, ಅಕೇಶಿಯಾ ಎಲ್ಲಿಯವರೆಗೆ ಬಂತು, ಹಳ್ಳದ ನೀರು ಯಾವ ವಾರ ನಿಂತಿತು, ಉಣುಗು ಯಾವಾಗ ಹೆಚ್ಚಾಯಿತು, ಮಂಗ ಎಲ್ಲಿ ಸತ್ತಿತ್ತು. ಬರೆಯುವವನು ಯಜಮಾನನೇ ಆಗಬೇಕಿಲ್ಲ. ಬೆಟ್ಟಕ್ಕೆ ಹೋಗುವವರನ್ನು ಕೇಳಿ ಶಾಲೆಗೆ ಹೋಗುವ ಮಗಳು ಬರೆದರೆ ಇನ್ನೂ ಒಳ್ಳೆಯದು. ಎರಡು ವರ್ಷ ಬರೆದರೆ ಅದು ಹರಟೆ; ಹತ್ತು ವರ್ಷ ಬರೆದರೆ ಸಾಕ್ಷ್ಯ.

ಸಾಕ್ಷ್ಯ ಯಾವಾಗ ಬೇಕಾಗುತ್ತದೆ ಎಂದು ಮೊದಲೇ ಹೇಳಲಾಗದು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟಿದ್ದ ಅರಣ್ಯ ಭೂಮಿಯ ಅವಧಿ 2020ರಲ್ಲಿ ಮುಗಿದಾಗ, ಅಕೇಶಿಯಾ ಬೇಕೆ ಬೇಡವೆ ಎಂಬ ವಾದ ಜಿಲ್ಲೆಯಲ್ಲೆಲ್ಲ ಎದ್ದಿತು. ನಮ್ಮವರು ಹೇಳಿದ್ದು: ಅಕೇಶಿಯಾ ಬಂದ ಮೇಲೆ ಹಳ್ಳ ಬತ್ತಿತು, ಮಂಗ ತೋಟಕ್ಕೆ ಬಂತು. ಎದುರಿನವರು ಕೇಳಿದರೆ ತೋರಿಸಲು ಎಷ್ಟು ಊರುಗಳಲ್ಲಿ ಒಂದು ಪುಟದ ಬರಹವಿತ್ತು? ಅರಣ್ಯ ಹಕ್ಕು ಕಾಯಿದೆಯಲ್ಲೂ ಇದೇ ಸಂಕಟ. ಗಿರಿಜನರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಅರಣ್ಯವನ್ನು ಅವಲಂಬಿಸಿದ್ದನ್ನು ತೋರಿಸಬೇಕು. ಅಜ್ಜ ಇದ್ದದ್ದು ಎಲ್ಲರಿಗೂ ಗೊತ್ತು, ಕಾಗದ ಇಲ್ಲ.

ಭದ್ರಾ ನಾಲೆಯ ಸದಸ್ಯರು ನಮಗೆ ಬೆಟ್ಟವೇ ಇಲ್ಲವಲ್ಲ ಎನ್ನಬಹುದು. ನಿಮಗೆ ಕೆರೆ ಇದೆ, ನಾಲೆಯ ಬಸಿನೀರು ಇದೆ, ಗೋಮಾಳ ಇದ್ದ ಜಾಗವಾದರೂ ಇದೆ. ಪುಸ್ತಕಕ್ಕೆ ಅಷ್ಟು ಸಾಕು.

ಇದಕ್ಕೆ ಕಾನೂನಿನ ಆಸರೆಯೂ ಉಂಟು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಅದು ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸತಕ್ಕದ್ದು. ಮಾಧವ ಗಾಡ್ಗೀಳರಂಥವರು 1990ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಪ್ರಯೋಗ ಮಾಡಿ ನೋಡಿದ ವಿಚಾರ ಇದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಾಗ ದೇಶದ ಅನೇಕ ಕಡೆ ಈ ದಾಖಲೆಗಳು ಅವಸರದಲ್ಲಿ ತುಂಬಲ್ಪಟ್ಟವು. ಅವಸರದಲ್ಲಿ ತುಂಬಿದ ಪುಸ್ತಕದಲ್ಲಿ ಎಲ್ಲ ಊರಿನಲ್ಲೂ ಅದೇ ಹತ್ತು ಮರ, ಅದೇ ಐದು ಹಕ್ಕಿ ಇರುವುದು ಆಶ್ಚರ್ಯವಲ್ಲ.

ಆದ್ದರಿಂದ ಈ ಪಾಠದ ಮನೆಗೆಲಸ ಹೀಗಿದೆ. ಮುಂದಿನ ಸಭೆಗೆ ಮುಂಚೆ ನಿಮ್ಮ ಪಂಚಾಯಿತಿಗೆ ಹೋಗಿ ಜೀವವೈವಿಧ್ಯ ದಾಖಲೆ ತೋರಿಸಿ ಎಂದು ಕೇಳಿ. ನಿಮ್ಮ ಊರಿನ ಪುಟ ತೆಗೆಸಿ ಓದಿ. ನಿಮ್ಮ ಬೆಟ್ಟದ ಮರಗಳ ಹೆಸರು ಅದರಲ್ಲಿ ಇವೆಯೆ, ದೇವರಕಾಡು ಇದೆಯೆ, ಯಾರನ್ನು ಕೇಳಿ ಬರೆದರು ಎಂಬುದು ಇದೆಯೆ, ಬೆಟ್ಟಕ್ಕೆ ಹೋಗುವ ಕೂಲಿಯವರನ್ನು ಕೇಳಿದ್ದಾರೆಯೆ ನೋಡಿ. ಸಮಿತಿಯ ಸದಸ್ಯರು ಯಾರೆಂದೂ ಕೇಳಿ. ನೀವೇ ಒಬ್ಬರಾಗಿದ್ದರೂ ಇರಬಹುದು, ಅಂಥ ಉದಾಹರಣೆ ಇದೆ. ಕಂಡದ್ದನ್ನು ಒಂದು ಪುಟ ಮೀರದ ಹಾಗೆ ಬರೆದು ಸಂಘದ ಕಚೇರಿಗೆ ಕಳಿಸಿಕೊಡಿ. ಬಂದ ಪತ್ರಗಳನ್ನು ಊರುವಾರು ಜೋಡಿಸಿ ಮುಂದಿನ ಸಂಚಿಕೆಯಲ್ಲಿ ಕೊಡಲಾಗುವುದು.